ಹಿಂತೆಗೆದುಕೊಂಡ ರಾಜೀನಾಮೆ: ಜನರಲ್ ತಿಮ್ಮಯ್ಯನವರ 1959ರ ಪ್ರಕರಣ

1959ರ ಆಗಸ್ಟ್ 31ರಂದು ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ರಾಜೀನಾಮೆ ಪತ್ರ ಕಳುಹಿಸಿದರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಕೈಕೆಳಗೆ ತಮ್ಮ ಹೊಣೆಯನ್ನು ನಿರ್ವಹಿಸುವುದು ಅಸಾಧ್ಯವಾಗಿದೆ ಎಂಬುದು ಆ ಪತ್ರದ ಸಾರವಾಗಿತ್ತು. ನೆಹರೂ ಅಂದೇ ಅವರನ್ನು ಕರೆಸಿಕೊಂಡು ಮಾತನಾಡಿದರು, ತಿಮ್ಮಯ್ಯನವರು ಪತ್ರವನ್ನು ಹಿಂತೆಗೆದುಕೊಳ್ಳಲು ಒಪ್ಪಿದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಸುದ್ದಿ ಪ್ರಕಟವಾಗಿ ಸಂಸತ್ತು ಕೋಲಾಹಲಗೊಂಡಿತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಹೇಳಿಕೆ ನೀಡಿದ ಪ್ರಧಾನಿ, ಈ ಭಿನ್ನಾಭಿಪ್ರಾಯಗಳು ಕ್ಷುಲ್ಲಕವಾದವು, ಪರಿಣಾಮವಿಲ್ಲದವು, ಸ್ವಭಾವಗಳು ಹೊಂದದೆ ಹುಟ್ಟಿದವು ಎಂದು ತಳ್ಳಿಹಾಕಿದರು. ಮೂರು ದಿನಗಳ ಹಿಂದೆ ದೇಶದ ಅತ್ಯಂತ ಗೌರವಾನ್ವಿತ ಸೈನಿಕನಾಗಿದ್ದ ವ್ಯಕ್ತಿ, ಹುದ್ದೆಯಲ್ಲಿ ಹಾಗೆಯೇ ಉಳಿದರೂ, ಆ ಹುದ್ದೆಯ ತೂಕವನ್ನು ಕಳೆದುಕೊಂಡಿದ್ದರು.

ಕೊಡಗಿನಲ್ಲಿ ಈ ಕಥೆಯನ್ನು ಹೇಳುವಾಗ ತಿಮ್ಮಯ್ಯನವರು ನೇರ ನುಡಿಯ ವೀರ, ಕೃಷ್ಣ ಮೆನನ್ ಖಳನಾಯಕ, ನೆಹರೂ ಕಣ್ಣುಮುಚ್ಚಿ ಕುಳಿತ ದೊರೆ. ನಾಗರಿಕ ಸರ್ಕಾರದ ಪರಮಾಧಿಕಾರವನ್ನೇ ಮುಖ್ಯವೆಂದು ಕಾಣುವವರು ಹೇಳುವಾಗ ಅದು ಮಂತ್ರಿಯನ್ನು ದಾಟಿ ಹೋದ ಸೇನಾಧಿಕಾರಿಯ ಅವಿಧೇಯತೆಯ ಕಥೆ. ಎರಡೂ ಕಥನಗಳಲ್ಲಿ ಸತ್ಯಾಂಶವಿದೆ. ಆದರೆ ನಾಯಕತ್ವವನ್ನು ಅಭ್ಯಾಸ ಮಾಡುವವರಿಗೆ ಬೇಕಾದ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ಬರ್ಮಾದ ಅರಕಾನ್‌ನಲ್ಲಿ, ಕಾಶ್ಮೀರದ ಜೋಜಿಲಾದಲ್ಲಿ, ಕೊರಿಯಾದ ಕೈದಿಗಳ ಶಿಬಿರಗಳಲ್ಲಿ ಒಂದಕ್ಕಿಂತ ಒಂದು ಕಠಿಣವಾದ ಸನ್ನಿವೇಶಗಳನ್ನು ನಿಭಾಯಿಸಿದ್ದ ಸೇನಾನಿ, ದೆಹಲಿಯ ಒಂದು ಕೋಣೆಯಲ್ಲಿ ಕೆಲವೇ ಗಂಟೆಗಳಲ್ಲಿ ಸೋತದ್ದು ಹೇಗೆ? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅವರು ರಾಜೀನಾಮೆ ಕೊಟ್ಟದ್ದು ತಪ್ಪಲ್ಲ, ಹಿಂತೆಗೆದುಕೊಂಡದ್ದು ಕೂಡ ತನ್ನಷ್ಟಕ್ಕೆ ತಪ್ಪಲ್ಲ. ಕೊಡಲು ಆರಿಸಿಕೊಂಡ ಕಾರಣ ತಪ್ಪಾಗಿತ್ತು, ಏನನ್ನೂ ಕೇಳದೆ ಹಿಂತೆಗೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪಾಗಿತ್ತು.

ಮೂವರು ವ್ಯಕ್ತಿಗಳು

ತಿಮ್ಮಯ್ಯನವರು ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಸೈನಿಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ನೇಮಕ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಬೆಟಾಲಿಯನ್ ನಡೆಸಿ, ಯುದ್ಧಭೂಮಿಯಲ್ಲಿ ಕಾಲಾಳು ಬ್ರಿಗೇಡೊಂದನ್ನು ಮುನ್ನಡೆಸಿದ ಮೊದಲ ಭಾರತೀಯ ಎನಿಸಿಕೊಂಡವರು. 1953–54ರಲ್ಲಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲು ಒಲ್ಲದ ಸಾವಿರಾರು ಯುದ್ಧಕೈದಿಗಳ ವಿಷಯವನ್ನು ಎರಡು ಬಣಗಳ ಕೆಂಗಣ್ಣಿನ ನಡುವೆ ನಿಭಾಯಿಸಿದರು. ಸೈನಿಕರಿಗೆ ಅವರು ಅಚ್ಚುಮೆಚ್ಚು. 1957ರ ಮೇ ತಿಂಗಳಲ್ಲಿ ಅವರನ್ನು ಭೂಸೇನೆಯ ಮುಖ್ಯಸ್ಥರನ್ನಾಗಿ ಮಾಡಿದಾಗ, ಸೇವೆಯಲ್ಲಿ ಅವರಿಗಿಂತ ಹಿರಿಯರಾಗಿದ್ದ ಇಬ್ಬರನ್ನು ಸರ್ಕಾರ ಬದಿಗಿರಿಸಿತ್ತು. ಮುಂದೆ ಬಡ್ತಿಗಳ ವಿಷಯದಲ್ಲಿ ಹಿರಿತನವನ್ನು ಎತ್ತಿಹಿಡಿಯಬೇಕಾಗಿ ಬಂದವರು ಸ್ವತಃ ಹಿರಿತನ ಮೀರಿದ ಆಯ್ಕೆಯ ಫಲಾನುಭವಿ ಎಂಬ ಮಾತನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಅದೇ ವರ್ಷದ ಏಪ್ರಿಲಿನಲ್ಲಿ ರಕ್ಷಣಾ ಸಚಿವರಾದ ವಿ.ಕೆ. ಕೃಷ್ಣ ಮೆನನ್ ಅವರನ್ನು ಖಳನಾಯಕ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಲಂಡನ್ನಿನಲ್ಲಿ ದಶಕಗಳ ಕಾಲ ಭಾರತದ ಸ್ವಾತಂತ್ರ್ಯಕ್ಕಾಗಿ ದುಡಿದವರು. 1957ರ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತನಾಡಿ ದೇಶದ ಮನೆಮಾತಾದವರು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ 1958ರಲ್ಲಿ ರೂಪುಗೊಂಡದ್ದು, ಸೇನೆಗೆ ಬೇಕಾದ ಲಾರಿಗಳನ್ನು ಜಬಲ್ಪುರದಲ್ಲೇ ತಯಾರಿಸಲು ಶುರುಮಾಡಿದ್ದು, ಸೈನಿಕ ಶಾಲೆಗಳು ಆರಂಭವಾದದ್ದು ಅವರ ಅವಧಿಯಲ್ಲೇ. ಆದರೆ ಅವರ ನಾಲಗೆ ಹರಿತವಾಗಿತ್ತು. ಹಿರಿಯ ಅಧಿಕಾರಿಗಳನ್ನು ಅವರ ಕೈಕೆಳಗಿನವರ ಎದುರಿಗೇ ಹೀಯಾಳಿಸುವುದು, ಮುಖ್ಯಸ್ಥರನ್ನು ಬಿಟ್ಟು ಕಿರಿಯ ಅಧಿಕಾರಿಗಳನ್ನು ನೇರವಾಗಿ ಕರೆಸಿ ಮಾತನಾಡುವುದು, ಯಾರು ತಮ್ಮವರು ಯಾರು ಅಲ್ಲ ಎಂದು ಲೆಕ್ಕವಿಡುವುದು ಅವರ ರೂಢಿಯಾಗಿತ್ತು. ಸೇನೆಯಂತಹ ಶ್ರೇಣೀಕೃತ ಸಂಸ್ಥೆಯಲ್ಲಿ ಇದು ಕೇವಲ ಒರಟುತನವಲ್ಲ, ಆಜ್ಞೆಯ ಸರಪಳಿಯನ್ನು ಕಡಿಯುವ ಕೆಲಸ.

ಇನ್ನು ನೆಹರೂ. ಸೇನೆಯ ಬಗ್ಗೆ ಅವರಿಗಿದ್ದ ಎಚ್ಚರಿಕೆಯನ್ನು ತಿಳಿಯಲು ಒಂದು ಮನೆಯನ್ನು ನೋಡಿದರೆ ಸಾಕು. ಬ್ರಿಟಿಷರ ಕಾಲದಲ್ಲಿ ದೆಹಲಿಯಲ್ಲಿ ವೈಸರಾಯರ ಅರಮನೆಯ ನಂತರದ ಭವ್ಯ ನಿವಾಸವೆಂದರೆ ಮಹಾದಂಡನಾಯಕರ ಫ್ಲ್ಯಾಗ್‌ಸ್ಟಾಫ್ ಹೌಸ್. ಸ್ವಾತಂತ್ರ್ಯಾನಂತರ ಅದು ತೀನ್ ಮೂರ್ತಿ ಭವನವಾಗಿ ಪ್ರಧಾನಿಯ ನಿವಾಸವಾಯಿತು. 1955ರಲ್ಲಿ ‘ಕಮಾಂಡರ್ ಇನ್ ಚೀಫ್’ ಎಂಬ ಪದವಿಯನ್ನೇ ತೆಗೆದುಹಾಕಿ ಮೂರು ಪಡೆಗಳಿಗೂ ‘ಚೀಫ್ ಆಫ್ ಸ್ಟಾಫ್’ಗಳನ್ನು ನೇಮಿಸಲಾಯಿತು. ಸೇನೆ ಇರಬೇಕು, ಆದರೆ ಆಳಬಾರದು ಎಂಬುದನ್ನು ಕಟ್ಟಡದಿಂದ ಹಿಡಿದು ಪದನಾಮದವರೆಗೆ ಪ್ರತಿಯೊಂದರಲ್ಲೂ ಅವರು ಸ್ಪಷ್ಟಪಡಿಸಿದರು. ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. 1958ರ ಅಕ್ಟೋಬರ್ ತಿಂಗಳೊಂದರಲ್ಲೇ ಪಾಕಿಸ್ತಾನದಲ್ಲಿ ಅಯೂಬ್ ಖಾನ್, ಬರ್ಮಾದಲ್ಲಿ ನೆ ವಿನ್ ಅಧಿಕಾರಕ್ಕೆ ಬಂದಿದ್ದರು. ಭಾರತದ ಎರಡೂ ಮಗ್ಗುಲಲ್ಲಿ ಸೇನಾಪತಿಗಳು ಗದ್ದುಗೆಯಲ್ಲಿದ್ದಾಗ ದೆಹಲಿಯ ದಂಡನಾಯಕರೊಬ್ಬರು ಮಂತ್ರಿಯ ವಿರುದ್ಧ ರಾಜೀನಾಮೆ ಬರೆದರೆ, ಪ್ರಧಾನಿಯ ಮನಸ್ಸಿನಲ್ಲಿ ಮೂಡುವ ಮೊದಲ ಚಿತ್ರ ಬಡ್ತಿಯ ಕಡತದ್ದಾಗಿರಲಾರದು.

ಆಗಸ್ಟ್ ತಿಂಗಳ ಕೊನೆಯ ವಾರ

1959ರ ಮಾರ್ಚ್ ತಿಂಗಳಲ್ಲಿ ಟಿಬೆಟ್ಟಿನ ಲಾಸಾದಲ್ಲಿ ದಂಗೆಯೆದ್ದು ದಲೈ ಲಾಮಾ ಭಾರತಕ್ಕೆ ಬಂದಿದ್ದರು. ಲಡಾಖಿನ ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಹಾಕಿರುವುದು ಸರ್ಕಾರಕ್ಕೆ ಗೊತ್ತಿತ್ತು, ಜನರಿಗೆ ಗೊತ್ತಿರಲಿಲ್ಲ. ಆಗಸ್ಟ್ 25ರಂದು ಈಶಾನ್ಯ ಗಡಿಯ ಲೊಂಗ್ಜು ಎಂಬ ಠಾಣೆಯ ಬಳಿ ಚೀನೀ ಪಡೆಗಳು ಅಸ್ಸಾಂ ರೈಫಲ್ಸ್ ತುಕಡಿಯ ಮೇಲೆ ಗುಂಡು ಹಾರಿಸಿದವು. ಆಗಸ್ಟ್ 28ರಂದು ನೆಹರೂ ಲೋಕಸಭೆಯಲ್ಲಿ ಅಕ್ಸಾಯ್ ಚಿನ್ ರಸ್ತೆಯ ವಿಷಯವನ್ನೂ, ಈಶಾನ್ಯ ಗಡಿಪ್ರದೇಶವನ್ನು ನೇರವಾಗಿ ಸೇನೆಯ ಹೊಣೆಗೆ ಒಪ್ಪಿಸಿರುವುದನ್ನೂ ತಿಳಿಸಿದರು. ರಸ್ತೆಗಳಿಲ್ಲದ, ಹೇಸರಗತ್ತೆಯೂ ತಿಣುಕುವ ನೂರಾರು ಮೈಲಿಗಳ ಬೆಟ್ಟಸಾಲು ಹೀಗೆ ಒಂದೇ ಹೇಳಿಕೆಯಲ್ಲಿ ತಿಮ್ಮಯ್ಯನವರ ಹೆಗಲೇರಿತು.

ಮೆನನ್ ಅವರ ದೃಷ್ಟಿಯಲ್ಲಿ ಭಾರತದ ಶತ್ರು ಪಾಕಿಸ್ತಾನ, ಚೀನಾ ಅಲ್ಲ. ಇದೇ ಹೊತ್ತಿನಲ್ಲಿ ಸೇನೆಯ ಒಳಗೆ ಕುದಿಯುತ್ತಿದ್ದ ಇನ್ನೊಂದು ವಿಷಯವೆಂದರೆ ಬಿ.ಎಂ. ಕೌಲ್ ಅವರದು. ನೆಹರೂ ಮತ್ತು ಮೆನನ್ ಇಬ್ಬರಿಗೂ ಹತ್ತಿರದವರಾಗಿದ್ದ ಈ ಅಧಿಕಾರಿ ಚುರುಕು, ಹಟವಾದಿ, ಹಿಡಿದ ಕೆಲಸವನ್ನು ಮುಗಿಸುವವರು. ಆದರೆ ಯುದ್ಧದಲ್ಲಿ ಪಡೆ ನಡೆಸಿದ ಅನುಭವ ಅವರಿಗೆ ಇಲ್ಲವೆನ್ನುವಷ್ಟು ಕಡಿಮೆ. ಅಂಬಾಲಾದಲ್ಲಿ 4ನೇ ಕಾಲಾಳು ಡಿವಿಜನ್ನಿನ ಮುಖ್ಯಸ್ಥರಾಗಿದ್ದಾಗ ‘ಪ್ರಾಜೆಕ್ಟ್ ಅಮರ್’ ಎಂಬ ಹೆಸರಿನಲ್ಲಿ ಸೈನಿಕರ ಕೈಯಿಂದಲೇ ವಸತಿಗೃಹಗಳನ್ನು ಕಟ್ಟಿಸಿ ಮಂತ್ರಿಯ ಮೆಚ್ಚುಗೆ ಪಡೆದಿದ್ದರು. ತಾಲೀಮು ನಡೆಸಬೇಕಾದ ಡಿವಿಜನ್ ಇಟ್ಟಿಗೆ ಹೊರುತ್ತಿತ್ತು, ಮತ್ತು 1959ರ ಕೊನೆಯಲ್ಲಿ ಈಶಾನ್ಯ ಗಡಿಗೆ ಹೋದದ್ದು ಇದೇ ಡಿವಿಜನ್. ಕೌಲ್ ಲೆಫ್ಟಿನೆಂಟ್ ಜನರಲ್ ಆಗಿ ಬಡ್ತಿ ಪಡೆದು ಸೇನಾ ಕೇಂದ್ರ ಕಚೇರಿಗೆ ಬಂದದ್ದು ಕೂಡ 1959ರಲ್ಲೇ.

ರಾಜೀನಾಮೆಯ ತಕ್ಷಣದ ಕಾರಣ ಯಾವುದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೆಲವರು ಬಡ್ತಿಗಳ ಜಗಳವನ್ನು, ಕೆಲವರು ಚೀನಾ ಗಡಿಯ ಬಗೆಗಿನ ಅಲಕ್ಷ್ಯವನ್ನು, ಮತ್ತೆ ಕೆಲವರು ಮಂತ್ರಿಯ ನಡವಳಿಕೆಯನ್ನು ಮುಂದಿಡುತ್ತಾರೆ. ಘಟನೆಗಳ ಸರಣಿ ಮಾತ್ರ ಸಾಕಷ್ಟು ಸ್ಪಷ್ಟವಾಗಿದೆ. ತಿಮ್ಮಯ್ಯನವರು ಪ್ರಧಾನಿಯನ್ನು ಕಂಡು ಮಂತ್ರಿಯ ಬಗ್ಗೆ ದೂರಿದರು. ನೆಹರೂ ಆ ವಿಷಯವನ್ನು ಮೆನನ್ ಅವರಲ್ಲಿ ಪ್ರಸ್ತಾಪಿಸಿದರು. ಮೆನನ್ ತಿಮ್ಮಯ್ಯನವರನ್ನು ಕರೆಸಿ, ತಮ್ಮನ್ನು ದಾಟಿ ಪ್ರಧಾನಿಯ ಬಳಿಗೆ ಹೋದದ್ದಕ್ಕೆ ಹರಿಹಾಯ್ದರು. ಇಲ್ಲಿಗೆ ದೂರು ಕೊಟ್ಟವರು ಮತ್ತೆ ದೂರಿಗೊಳಗಾದವರ ಕೈಗೇ ಸಿಕ್ಕಿದಂತಾಯಿತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೇ ಆದರೂ ಈ ಸ್ಥಿತಿ ಪರಿಚಿತ. ಆಗ ತಿಮ್ಮಯ್ಯನವರು ಲೇಖನಿ ಎತ್ತಿಕೊಂಡರು.

ಸಿಟ್ಟು ನ್ಯಾಯವಾದದ್ದೇ. ಆದರೆ ಪತ್ರವು ಸಿಟ್ಟಿನ ಬಿಸಿ ಆರುವ ಮುನ್ನ ಹೊರಟಿತ್ತು, ಮತ್ತು ಅದರ ಗುರಿ ಮಂತ್ರಿ ಎಂಬ ವ್ಯಕ್ತಿಯಾಗಿತ್ತು. ನೌಕಾಪಡೆಯ ಮುಖ್ಯಸ್ಥ ಆರ್.ಡಿ. ಕಟಾರಿ ಮತ್ತು ವಾಯುಪಡೆಯ ಮುಖ್ಯಸ್ಥ ಸುಬ್ರೋತೋ ಮುಖರ್ಜಿ ಅವರಿಗೂ ಇದೇ ಬಗೆಯ ಅಸಮಾಧಾನವಿತ್ತು. ಆದರೆ ಅವರ ಪತ್ರಗಳು ಇದರ ಜೊತೆಗೆ ಹೋಗಲಿಲ್ಲ. ಮೂವರು ಮುಖ್ಯಸ್ಥರ ಸಂಸ್ಥೆಗತ ಆಕ್ಷೇಪವಾಗಬಹುದಾಗಿದ್ದ ವಿಷಯ ಒಬ್ಬ ಜನರಲ್ಲನ ಮುನಿಸಾಗಿ ಕಾಣಿಸಿತು.

ಮರುದಿನ, ಸೆಪ್ಟೆಂಬರ್ 1ರಂದು, ಅಯೂಬ್ ಖಾನ್ ಢಾಕಾಕ್ಕೆ ಹೋಗುವ ದಾರಿಯಲ್ಲಿ ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿದು ನೆಹರೂ ಅವರನ್ನು ಭೇಟಿಯಾಗುವುದು ಮೊದಲೇ ನಿಶ್ಚಯವಾಗಿತ್ತು. ಪಾಕಿಸ್ತಾನದ ಸೇನಾಪತಿ-ಅಧ್ಯಕ್ಷರು ದೆಹಲಿಯ ನೆಲದಲ್ಲಿ ನಿಂತಿರುವ ದಿನವೇ ಭಾರತದ ಸೇನಾಪತಿಯ ರಾಜೀನಾಮೆಯ ಸುದ್ದಿ ಪತ್ರಿಕೆಯಲ್ಲಿ ಬರುವುದೆಂದರೆ, ಪ್ರಧಾನಿಗೆ ಆಗಬಹುದಾದ ಮುಖಭಂಗಕ್ಕೆ ಇದಕ್ಕಿಂತ ದೊಡ್ಡ ಏರ್ಪಾಡು ಬೇಕಿರಲಿಲ್ಲ. ರಾಜೀನಾಮೆಯ ಹೊತ್ತನ್ನು ಅಳೆಯುವುದೂ ಅದರ ಭಾಗವೇ. ಆ ಅಳತೆ ಇಲ್ಲಿ ನಡೆದಂತೆ ಕಾಣುವುದಿಲ್ಲ.

ಲೋಕಸಭೆಯಲ್ಲಿ ನೆಹರೂ

ಸೆಪ್ಟೆಂಬರ್ 2ರ ಹೇಳಿಕೆಯನ್ನು ಒಂದು ರಾಜಕೀಯ ಭಾಷಣವಾಗಿ ಓದಿದರೆ ಅದು ಕುಶಲವಾದದ್ದು. ರಾಜೀನಾಮೆ ಪತ್ರವನ್ನು ಸದನದ ಮುಂದಿಡಲು ಅವರು ಒಪ್ಪಲಿಲ್ಲ. ಮೆನನ್ ಅವರ ಶಕ್ತಿ ಮತ್ತು ಉತ್ಸಾಹವನ್ನು ಹೊಗಳಿದರು. ನಾಗರಿಕ ಅಧಿಕಾರವೇ ಪರಮ, ಹಾಗೆಯೇ ಇರಬೇಕು ಎಂಬ ತತ್ತ್ವವನ್ನು ಎತ್ತಿ ಹಿಡಿದರು. ಆ ತತ್ತ್ವಕ್ಕೆ ಸದನದಲ್ಲಿ ಯಾರೂ ಎದುರಾಡುವಂತಿರಲಿಲ್ಲ. ಹೀಗೆ, ಮಂತ್ರಿಯೊಬ್ಬರು ಸೇನೆಯನ್ನು ಹೇಗೆ ನಡೆಸುತ್ತಿದ್ದಾರೆ ಎಂಬ ಪ್ರಶ್ನೆಯ ಜಾಗದಲ್ಲಿ, ದೇಶವನ್ನು ಆಳಬೇಕಾದವರು ಸೈನಿಕರೋ ಚುನಾಯಿತರೋ ಎಂಬ ಪ್ರಶ್ನೆ ಬಂದು ಕುಳಿತಿತು. ಮೊದಲನೆಯದಕ್ಕೆ ಉತ್ತರ ಕಷ್ಟವಾಗಿತ್ತು. ಎರಡನೆಯದಕ್ಕೆ ಉತ್ತರ ಪ್ರಜಾಪ್ರಭುತ್ವದಲ್ಲಿ ಒಂದೇ.

ತಿಮ್ಮಯ್ಯನವರಿಗೆ ಮಾತ್ರ ಉತ್ತರಿಸುವ ದಾರಿ ಇರಲಿಲ್ಲ. ಸೇವೆಯಲ್ಲಿರುವ ಸೈನಿಕ ಸಂಸತ್ತಿನಲ್ಲಿ ಮಾತನಾಡಲಾರ, ಪತ್ರಿಕೆಗೆ ಹೇಳಿಕೆ ಕೊಡಲಾರ. ರಾಜೀನಾಮೆ ಅಂಗೀಕಾರವಾಗಿದ್ದರೆ ಸಾಮಾನ್ಯ ಪ್ರಜೆಯಾಗಿ ಬಾಯಿಬಿಡಬಹುದಿತ್ತು. ಕೊಡದೇ ಇದ್ದಿದ್ದರೆ ಒಳಗಿನಿಂದ ಒತ್ತಾಯ ಮುಂದುವರಿಸಬಹುದಿತ್ತು. ಕೊಟ್ಟು ಹಿಂತೆಗೆದುಕೊಂಡವರಿಗೆ ಎರಡೂ ಬಾಗಿಲು ಮುಚ್ಚಿದವು. ಅವರ ಬಗ್ಗೆ ಪ್ರಧಾನಿ ಸದನದಲ್ಲಿ ಏನೇ ಹೇಳಿದರೂ ಕೇಳಿಕೊಂಡು, ಮರುದಿನ ಅದೇ ಮಂತ್ರಿಗೆ ಕಡತ ಕಳುಹಿಸಬೇಕಾದ ಸ್ಥಿತಿ ಅವರದಾಯಿತು.

ನೆಹರೂ ಆ ದಿನ ಗೆದ್ದರು. ಆದರೆ ಗೆದ್ದದ್ದು ಚರ್ಚೆಯನ್ನು. ಸೇನಾ ಮುಖ್ಯಸ್ಥ ಮತ್ತು ರಕ್ಷಣಾ ಸಚಿವರ ನಡುವೆ ಕೆಲಸ ಸಾಗುತ್ತಿಲ್ಲ ಎಂಬ ವಾಸ್ತವ, ಗಡಿಯಲ್ಲಿ ಗುಂಡು ಹಾರಿದ ವಾರವೇ ಬಯಲಾಗಿತ್ತು. ಇಬ್ಬರಲ್ಲಿ ಒಬ್ಬರನ್ನು ಬದಲಿಸುವುದು ಒಂದು ದಾರಿ, ಇಬ್ಬರನ್ನೂ ಕೂರಿಸಿ ಯಾರ ಅಧಿಕಾರ ಎಲ್ಲಿಯವರೆಗೆ ಎಂದು ಬರವಣಿಗೆಯಲ್ಲಿ ನಿರ್ಧರಿಸುವುದು ಇನ್ನೊಂದು ದಾರಿ. ನೆಹರೂ ಎರಡನ್ನೂ ಮಾಡದೆ ಇಬ್ಬರನ್ನೂ ಇಟ್ಟುಕೊಂಡರು. ದೊಡ್ಡ ನಾಯಕರಲ್ಲಿ ಆಗಾಗ ಕಾಣುವ ದೋಷವಿದು: ತಮ್ಮ ಮೇಲಿನ ಪ್ರೀತಿಯಿಂದ ಇಬ್ಬರೂ ಹೊಂದಿಕೊಂಡು ಹೋಗುತ್ತಾರೆ ಎಂದು ನಂಬುವುದು. ತಿಮ್ಮಯ್ಯನವರು ಪತ್ರ ಹಿಂತೆಗೆದುಕೊಂಡದ್ದು ಬಹುಮಟ್ಟಿಗೆ ಆ ಪ್ರೀತಿಯಿಂದಲೇ. ಮೆನನ್ ಬದಲಾಗದೆ ಉಳಿದದ್ದೂ ಅದೇ ಪ್ರೀತಿಯ ಬಲದಿಂದ.

ಜೋಜಿಲಾದ ಸೇನಾನಿ

ಈ ಪ್ರಕರಣವನ್ನು ತಿಮ್ಮಯ್ಯನವರದೇ ಇನ್ನೊಂದು ನಿರ್ಧಾರದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 1948ರ ಬೇಸಿಗೆಯಲ್ಲಿ ಪಾಕಿಸ್ತಾನದ ಕಡೆಯ ಪಡೆಗಳು ದ್ರಾಸ್, ಕಾರ್ಗಿಲ್‌ಗಳನ್ನು ಹಿಡಿದು, ಶ್ರೀನಗರದಿಂದ ಲೇಹ್‌ಗೆ ಹೋಗುವ ಏಕೈಕ ದಾರಿಯನ್ನು ಜೋಜಿಲಾ ಕಣಿವೆಯಲ್ಲಿ ತಡೆದಿದ್ದವು. ಸಮುದ್ರಮಟ್ಟದಿಂದ ಹನ್ನೊಂದೂವರೆ ಸಾವಿರ ಅಡಿ ಎತ್ತರ, ಎರಡೂ ಬದಿಯ ಬಂಡೆಗಳ ಗವಿಗಳಲ್ಲಿ ಮೆಷಿನ್ ಗನ್ನುಗಳು. ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿಗಳು ವಿಫಲವಾದವು, ಸಾವುನೋವೂ ಸಂಭವಿಸಿತು. ಚಳಿಗಾಲ ಬಂದು ಕಣಿವೆ ಹಿಮದಿಂದ ಮುಚ್ಚಿಹೋದರೆ ಲಡಾಖ್ ಕೈಬಿಟ್ಟುಹೋದಂತೆಯೇ.

ಆಗ ಡಿವಿಜನ್ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರು ಅದೇ ದಾಳಿಯನ್ನು ಇನ್ನಷ್ಟು ಜನರೊಂದಿಗೆ ಮತ್ತೆ ಮಾಡಲಿಲ್ಲ. ಆ ಎತ್ತರಕ್ಕೆ ಟ್ಯಾಂಕುಗಳನ್ನು ತರುವ ನಿರ್ಧಾರ ಮಾಡಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆಯಿಂದ ಹೊರಟವು. ದಾರಿಯ ಸೇತುವೆಗಳು ಆ ಭಾರಕ್ಕೆ ಕಟ್ಟಿದವಲ್ಲವಾದ್ದರಿಂದ ಅವುಗಳನ್ನು ಬಲಪಡಿಸಬೇಕಾಯಿತು. ಟ್ಯಾಂಕು ಬರುತ್ತಿದೆ ಎಂಬುದು ಶತ್ರುವಿಗೆ ತಿಳಿಯದಂತೆ ಗೋಪುರಗಳನ್ನು ಬಿಚ್ಚಿ ಪ್ರತ್ಯೇಕವಾಗಿ ಸಾಗಿಸಲಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಗಳ ಕಾಲುದಾರಿಯಷ್ಟೇ ಇತ್ತು. ಅದನ್ನು ಟ್ಯಾಂಕು ಹೋಗುವ ದಾರಿಯಾಗಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್‌ಗಳು ಅಗಲಗೊಳಿಸಿದರು. ಇವರ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇದೆ. ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು, ಆದರೆ ಸಿದ್ಧತೆ ನಿಲ್ಲಲಿಲ್ಲ. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಏರಿಬಂದಾಗ ಡಿವಿಜನ್ ಮುಖ್ಯಸ್ಥರು ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಶತ್ರು ಅಂಥದ್ದೊಂದನ್ನು ಅಲ್ಲಿ ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಮರಳಿ ಕೈಗೆ ಬಂದು ಲೇಹ್ ದಾರಿ ತೆರೆಯಿತು.

ಟ್ಯಾಂಕಿನ ಮೇಲೆ ಕುಳಿತ ಜನರಲ್ಲನ ಚಿತ್ರ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಹಿಂದಿನ ವಾರಗಳು: ಸೋಲನ್ನು ಒಪ್ಪಿ ಸಾಧನ ಬದಲಿಸಿದ್ದು, ಬೇಕಾದವರೆಲ್ಲರನ್ನೂ ಜೊತೆಗೆ ಕೂಡಿಸಿಕೊಂಡದ್ದು, ಗುಟ್ಟು ಕಾಪಾಡಿದ್ದು, ದಾರಿ ಸಿದ್ಧವಾಗುವವರೆಗೆ ತಡೆದುಕೊಂಡದ್ದು, ಹೊರಟ ಮೇಲೆ ತಿರುಗದೇ ಇದ್ದದ್ದು. 1959ರ ಆಗಸ್ಟ್ 31ರಂದು ಇವುಗಳಲ್ಲಿ ಒಂದೂ ಇರಲಿಲ್ಲ. ಇತರ ಮುಖ್ಯಸ್ಥರು ಜೊತೆಗಿರಲಿಲ್ಲ. ಸುದ್ದಿ ಒಂದೇ ರಾತ್ರಿಯಲ್ಲಿ ಸೋರಿತು. ಪ್ರಧಾನಿ ಕರೆದು ಮಾತನಾಡಿದರೆ ಏನು ಹೇಳಬೇಕು ಎಂಬ ಎರಡನೆಯ ಹೆಜ್ಜೆ ಯೋಚಿಸಿದಂತಿರಲಿಲ್ಲ. ಯುದ್ಧಭೂಮಿಯಲ್ಲಿ ಶತ್ರುವಿನ ಮುಂದಿನ ನಡೆಯನ್ನು ಊಹಿಸುತ್ತಿದ್ದವರು, ನೆಹರೂ ತಮ್ಮನ್ನು ಕರೆಸಿ ‘ಬೇಡ’ ಎನ್ನಬಹುದು ಎಂಬ ಅತ್ಯಂತ ಸಹಜವಾದ ನಡೆಯನ್ನು ಊಹಿಸಿರಲಿಲ್ಲ. ಎದುರಿಗೆ ಇದ್ದವರನ್ನು ಶತ್ರುವೆಂದು ಭಾವಿಸಲು ಆ ಸೈನಿಕನ ಮನಸ್ಸು ಒಪ್ಪಲಿಲ್ಲ ಎಂದೂ ಹೇಳಬಹುದು. ಅದು ಅವರ ದೊಡ್ಡತನ, ಆ ಸಂದರ್ಭದ ದೌರ್ಬಲ್ಯವೂ ಹೌದು.

ಆಮೇಲೆ ನಡೆದದ್ದು

1959ರ ಅಕ್ಟೋಬರ್ 21ರಂದು ಲಡಾಖಿನ ಕೊಂಗ್ಕಾ ಕಣಿವೆಯ ಬಳಿ ಗಸ್ತಿನ ಪೊಲೀಸರು ಚೀನೀ ಗುಂಡಿಗೆ ಬಲಿಯಾದರು. ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಟ್, ಅರಕಾನ್‌ನಲ್ಲಿ ತಿಮ್ಮಯ್ಯನವರ ಜೊತೆ ಹೋರಾಡಿದವರು, ಕೊರಿಯಾದಲ್ಲೂ ಜೊತೆಗಿದ್ದವರು. ಈಶಾನ್ಯ ಗಡಿಯನ್ನು ಎಲ್ಲಿ, ಎಷ್ಟು ಪಡೆಯೊಂದಿಗೆ ಕಾಯಬೇಕು ಎಂದು ಅವರು ಯೋಜನೆ ಸಿದ್ಧಪಡಿಸಿದರು. 1960ರ ಮಾರ್ಚಿನಲ್ಲಿ ಲಖನೌದಲ್ಲಿ ‘ಲಾಲ್ ಕಿಲಾ’ ಎಂಬ ಹೆಸರಿನ ಕಾಲ್ಪನಿಕ ಯುದ್ಧಾಭ್ಯಾಸ ನಡೆಸಿ, ಇರುವ ಬಲ ಸಾಲದು ಎಂಬುದನ್ನು ತೋರಿಸಿದರು. ಗಡಿರೇಖೆಯ ತುದಿಯಲ್ಲೇ ನಿಲ್ಲದೆ, ನಮ್ಮ ಸರಬರಾಜು ತಲುಪುವ ಮತ್ತು ಶತ್ರುವಿನ ಸರಬರಾಜು ತೆಳುವಾಗುವ ಒಳಗಿನ ಸಾಲಿನಲ್ಲಿ ಗಟ್ಟಿಯಾಗಿ ನಿಲ್ಲಬೇಕೆಂಬುದು ಆ ಯೋಜನೆಯ ತಿರುಳು. ತಿಮ್ಮಯ್ಯನವರ ಬೆಂಬಲ ಅದಕ್ಕಿತ್ತು. ಆದರೆ ಮಂತ್ರಿಯ ಮೇಜಿನಲ್ಲಿ ಅದು ಅತಿಯಾದ ಭಯ ಎನಿಸಿಕೊಂಡಿತು. ರಾಜೀನಾಮೆ ಹಿಂತೆಗೆದುಕೊಂಡ ಮುಖ್ಯಸ್ಥರ ಬಳಿ ಒತ್ತಾಯಿಸಲು ಉಳಿದಿದ್ದ ಸಾಧನವಾದರೂ ಏನು? ಎರಡನೆಯ ಸಲ ರಾಜೀನಾಮೆಯ ಮಾತೆತ್ತಿದರೆ ಯಾರೂ ನಂಬುವಂತಿರಲಿಲ್ಲ.

1961ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ನಿವೃತ್ತರಾದರು. ಉತ್ತರಾಧಿಕಾರಿಯಾಗಿ ಥೋರಟ್ ಬರಲಿ ಎಂಬ ಅವರ ಶಿಫಾರಸು ನಡೆಯಲಿಲ್ಲ, ಪಿ.ಎನ್. ಥಾಪರ್ ಬಂದರು, ಕೌಲ್ ಸೇನಾ ಕೇಂದ್ರ ಕಚೇರಿಯ ಚೀಫ್ ಆಫ್ ಜನರಲ್ ಸ್ಟಾಫ್ ಆದರು. ಅದೇ ನವೆಂಬರಿನಲ್ಲಿ ಮುನ್ನಡೆಯ ಠಾಣೆಗಳ ನೀತಿ ಜಾರಿಗೆ ಬಂದು, ಸರಬರಾಜಿಲ್ಲದ ಸಣ್ಣ ತುಕಡಿಗಳು ಗಡಿಯ ತುದಿಗೆ ಹೋಗಿ ಕುಳಿತವು. ಮುಂದಿನದು ಎಲ್ಲರಿಗೂ ತಿಳಿದದ್ದು: 1962ರ ಅಕ್ಟೋಬರ್ 20ರಂದು ಈಶಾನ್ಯ ಗಡಿಯ ನಮ್ಕಾ ಚು ನದಿಯ ದಡದಲ್ಲಿ 7ನೇ ಬ್ರಿಗೇಡ್ ನುಚ್ಚುನೂರಾಯಿತು. ಯುದ್ಧ ಮುಗಿದ ಕೆಲವೇ ವಾರಗಳಲ್ಲಿ ಮೆನನ್, ಥಾಪರ್, ಕೌಲ್ ಮೂವರೂ ಹುದ್ದೆ ಬಿಟ್ಟಿದ್ದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. 1959ರ ರಾಜೀನಾಮೆಯಿಂದ 1962ರ ಸೋಲಿನವರೆಗೆ ನೇರ ಗೆರೆ ಎಳೆಯುವುದು ನ್ಯಾಯವಲ್ಲ. ಹಣದ ಕೊರತೆ, ರಸ್ತೆಗಳ ಕೊರತೆ, ಚೀನಾ ಯುದ್ಧ ಮಾಡಲಾರದು ಎಂಬ ರಾಜಕೀಯ ನಂಬಿಕೆ, ಬೇಹುಗಾರಿಕೆಯ ಸೋಲು ಇವೆಲ್ಲ ಸೇರಿ ಆ ಸೋಲಾಯಿತು. ಅಂದು ತಿಮ್ಮಯ್ಯನವರು ಹಟ ಹಿಡಿದು ಹೊರನಡೆದಿದ್ದರೆ ಮೆನನ್ ಅವರಿಗೆ ಬೇಕಾದ ಮುಖ್ಯಸ್ಥರು ಎರಡು ವರ್ಷ ಮೊದಲೇ ಬರುತ್ತಿದ್ದರು ಎಂಬ ವಾದವೂ ಇದೆ, ಮತ್ತು ಅದು ಹಗುರವಾದ ವಾದವಲ್ಲ. ಥೋರಟ್ ಅವರ ಯೋಜನೆ ಕಾಗದದ ಮೇಲಾದರೂ ಬಂದದ್ದು ತಿಮ್ಮಯ್ಯನವರು ಉಳಿದದ್ದರಿಂದಲೇ.

ಆದ್ದರಿಂದ ‘ರಾಜೀನಾಮೆ ಕೊಟ್ಟ ಮೇಲೆ ಹಿಂತೆಗೆದುಕೊಳ್ಳಬಾರದು’ ಎಂಬ ಸರಳ ಸೂತ್ರವನ್ನು ನಾನು ಈ ಪ್ರಕರಣದಿಂದ ತೆಗೆಯಲಾರೆ. ಹೋಲಿಕೆಗೆ 1971ರ ಏಪ್ರಿಲ್ ತಿಂಗಳನ್ನು ನೋಡಬಹುದು. ಅಂದಿನ ಭೂಸೇನಾ ಮುಖ್ಯಸ್ಥ ಸ್ಯಾಮ್ ಮಾಣೆಕ್‌ಷಾ ಮುಂದೆ ಹಲವು ಬಾರಿ ಹೇಳಿಕೊಂಡಿರುವ ಪ್ರಕಾರ, ಪೂರ್ವ ಪಾಕಿಸ್ತಾನಕ್ಕೆ ಕೂಡಲೇ ಸೇನೆ ನುಗ್ಗಲಿ ಎಂದು ಇಂದಿರಾ ಗಾಂಧಿಯವರ ಸಂಪುಟ ಬಯಸಿದಾಗ ಅವರು ಒಪ್ಪಲಿಲ್ಲ. ಮುಂಗಾರು ಬಂದರೆ ಬಂಗಾಳದ ನದಿಗಳು ಸಮುದ್ರವಾಗುತ್ತವೆ, ಹಿಮಾಲಯದ ಕಣಿವೆಗಳು ತೆರೆದಿರುವುದರಿಂದ ಚೀನಾ ಬರಬಹುದು, ಪಡೆಗಳು ಚದುರಿವೆ ಎಂದು ಲೆಕ್ಕ ಕೊಟ್ಟು, ಬೇಕಿದ್ದರೆ ಆರೋಗ್ಯದ ಕಾರಣ ನೀಡಿ ರಾಜೀನಾಮೆ ಕೊಡುತ್ತೇನೆ ಎಂದರಂತೆ. ಈ ಕಥೆ ಹೇಳುತ್ತ ಹೇಳುತ್ತ ಸ್ವಲ್ಪ ಬಣ್ಣ ಪಡೆದಿರಬಹುದು. ಆದರೂ ಅದರ ರಚನೆ ಗಮನಾರ್ಹ. ಅಲ್ಲಿ ಜಗಳ ಮಂತ್ರಿಯ ನಾಲಗೆಯ ಮೇಲಲ್ಲ, ಯುದ್ಧದ ದಿನಾಂಕದ ಮೇಲೆ. ಮಾತು ನಡೆದದ್ದು ಮುಚ್ಚಿದ ಬಾಗಿಲ ಹಿಂದೆ, ನಿರ್ಧಾರಕ್ಕೆ ಮೊದಲು. ರಾಜೀನಾಮೆಯ ಮಾತಿನ ಜೊತೆಗೇ, ಅದು ಬೇಡವಾದರೆ ಏನು ಮಾಡಬೇಕು ಎಂಬ ಷರತ್ತೂ ಇತ್ತು: ತಾವು ಕೇಳುವ ಕಾಲಾವಕಾಶ, ತಾವು ಮಾಡುವ ಯೋಜನೆ. ಅದಕ್ಕೆ ಪ್ರಧಾನಿ ಒಪ್ಪಿದರು, ಸೇನೆ ಚಳಿಗಾಲದವರೆಗೆ ಕಾದಿತು.

ತಿಮ್ಮಯ್ಯನವರ ಬಳಿಯೂ ಅಂಥ ವಿಷಯವಿತ್ತು, ಅದಕ್ಕಿಂತ ಗಟ್ಟಿಯಾದದ್ದೇ ಇತ್ತು. ಭಾರತ ತನ್ನ ಬಲವೊಂದರಿಂದಲೇ ಚೀನಾದೊಂದಿಗೆ ಬಹಿರಂಗ ಯುದ್ಧ ನಡೆಸುವುದನ್ನು ಸೈನಿಕನಾಗಿ ತಾವು ಊಹಿಸಲಾರೆವು, ಅದನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ತಪ್ಪಿಸಬೇಕು ಎಂಬ ಅಭಿಪ್ರಾಯವನ್ನು ಅವರು ನಿವೃತ್ತಿಯ ನಂತರ, 1962ರ ಜುಲೈನಲ್ಲಿ, ಸೆಮಿನಾರ್ ಪತ್ರಿಕೆಯ ಲೇಖನದಲ್ಲಿ ಬರೆದರು. ಯುದ್ಧಕ್ಕೆ ಮೂರು ತಿಂಗಳು ಮಾತ್ರ ಉಳಿದಿತ್ತು. ಲೊಂಗ್ಜುವಿನಲ್ಲಿ ಗುಂಡು ಹಾರಿ ಆರು ದಿನಗಳಾಗಿದ್ದಾಗ, ಈಶಾನ್ಯದ ಬೆಟ್ಟಗಳನ್ನು ಸೇನೆಗೆ ಒಪ್ಪಿಸಿ ಮೂರು ದಿನಗಳಾಗಿದ್ದಾಗ, ಅದೇ ಮಾತು ಪತ್ರದಲ್ಲಿದ್ದಿದ್ದರೆ, ಇಷ್ಟು ಗಡಿಗೆ ಇಷ್ಟು ಡಿವಿಜನ್, ಇಷ್ಟು ರಸ್ತೆ, ಇಷ್ಟು ಕಾಲ ಬೇಕು, ಇಲ್ಲದಿದ್ದರೆ ಈ ಹೊಣೆ ಹೊರಲಾರೆ ಎಂದು ಅಂಕಿಗಳಲ್ಲಿ ಬರೆದಿದ್ದರೆ, ಅದನ್ನು ಸ್ವಭಾವದ ಭಿನ್ನತೆ ಎಂದು ಲೋಕಸಭೆಯಲ್ಲಿ ಕರೆಯುವುದು ನೆಹರೂ ಅವರಿಗೂ ಸಾಧ್ಯವಾಗುತ್ತಿರಲಿಲ್ಲ.

ಪತ್ರ ಹಾಗಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ಅಂದು ನೆಹರೂ ಎದುರಿಗೆ ಕುಳಿತ ಹೊತ್ತು ಬಾಕಿಯಿತ್ತು. ಪ್ರಧಾನಿಗೆ ಆ ಪತ್ರ ಹಿಂತಿರುಗುವುದು ತೀರಾ ಅಗತ್ಯವಾಗಿತ್ತು. ಮರುದಿನ ಅಯೂಬ್ ಬರುವವರಿದ್ದರು, ಸಂಸತ್ತು ನಡೆಯುತ್ತಿತ್ತು, ಗಡಿ ಬಿಸಿಯಾಗಿತ್ತು. ತಿಮ್ಮಯ್ಯನವರ ಇಡೀ ಸೇವಾವಧಿಯಲ್ಲಿ ಪ್ರಧಾನಿಯ ಮುಂದೆ ಅವರ ಮಾತಿಗೆ ಅಷ್ಟು ಬೆಲೆ ಇದ್ದ ಗಳಿಗೆ ಇನ್ನೊಂದಿಲ್ಲ. ಹಿರಿಯ ಬಡ್ತಿಗಳಲ್ಲಿ ಮುಖ್ಯಸ್ಥರ ಶಿಫಾರಸನ್ನು ಮೀರುವುದಾದರೆ ಮಂತ್ರಿ ಕಾರಣವನ್ನು ಬರೆದಿಡಬೇಕು ಎಂದು ಕೇಳಬಹುದಿತ್ತು. ಗಡಿಯ ರಕ್ಷಣೆಯ ಯೋಜನೆ ಸಂಪುಟದ ರಕ್ಷಣಾ ಸಮಿತಿಯ ಮುಂದೆ ಮೂವರು ಮುಖ್ಯಸ್ಥರ ಸಮ್ಮುಖದಲ್ಲೇ ಬರಬೇಕು ಎಂದು ಕೇಳಬಹುದಿತ್ತು. ಕನಿಷ್ಠ ಪಕ್ಷ, ರಾಜೀನಾಮೆ ಹಿಂತೆಗೆದುಕೊಂಡ ಬಗ್ಗೆ ಸದನದಲ್ಲಿ ಏನು ಹೇಳಲಾಗುವುದು ಎಂಬುದನ್ನು ಇಬ್ಬರೂ ಒಟ್ಟಿಗೆ ಕುಳಿತು ಬರೆದುಕೊಳ್ಳಬಹುದಿತ್ತು. ಇವುಗಳಲ್ಲಿ ಯಾವುದೂ ನಾಗರಿಕ ಅಧಿಕಾರಕ್ಕೆ ಚ್ಯುತಿ ತರುವಂಥದ್ದಲ್ಲ. ಎಲ್ಲವೂ ಚುನಾಯಿತ ಸರ್ಕಾರದ ಒಳಗೇ, ಅದರದೇ ಸಮಿತಿಗಳ ಮೂಲಕವೇ ನಡೆಯಬಹುದಾದವು. ಆ ಭೇಟಿಯಿಂದ ಅವರು ಹೊರಬಂದಾಗ ಇಂಥ ಯಾವ ಷರತ್ತೂ ಬರವಣಿಗೆಗೆ ಇಳಿದಿರಲಿಲ್ಲ.